ಜಿಮ್ಮಿನ ಮೊದಲ ದಿನದ ಮುಜುಗರ: ಟೇಪು ಹಿಡಿದವರಿಗೂ ಕೆಲಸವಿದೆ

ಮಾನ್ಯ ಸಂಪಾದಕರೇ,

ಜಿಮ್ಮಿಗೆ ಹೊಸದಾಗಿ ಸೇರುವವರಿಗೆ ಎಲ್ಲ ಕಡೆ ಸಿಗುವ ಬುದ್ಧಿಮಾತು ಒಂದೇ: ‘ನಾಚಿಕೆ ಬಿಡಿ, ನಿಮ್ಮನ್ನು ಯಾರೂ ನೋಡುವುದಿಲ್ಲ.’ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಜಿಮ್ಮುಗಳಲ್ಲೂ ಹೌಸಿಂಗ್ ಸೊಸೈಟಿಗಳಲ್ಲೂ ಪರ್ಸನಲ್ ಟ್ರೇನಿಂಗ್ ಕೊಡುವ ನಮಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ನಾಚಿಕೆಯೇನು ಚಪ್ಪಲಿಯೇ, ಬಾಗಿಲಲ್ಲಿ ಬಿಟ್ಟು ಒಳಗೆ ಬರಲು? ಇನ್ನು ‘ಯಾರೂ ನೋಡುವುದಿಲ್ಲ’ ಎನ್ನುವುದು ಅರ್ಧ ಮಾತ್ರ ನಿಜ. ಪಕ್ಕದ ಟ್ರೆಡ್‌ಮಿಲ್ಲಿನವರು ನೋಡಲಿಕ್ಕಿಲ್ಲ. ಟ್ರೇನರ್ ಮಾತ್ರ ನೋಡಿಯೇ ನೋಡುತ್ತಾನೆ. ನೋಡುವುದಕ್ಕೇ ಅವನಿಗೆ ದುಡ್ಡು ಕೊಡುವುದು. ಮಂಡಿ ಒಳಗೆ ಬಾಗಿತೇ, ಬೆನ್ನು ಗೂನಾಯಿತೇ, ಉಸಿರು ಕಟ್ಟಿತೇ ಎಂದು ಒಂದು ಗಂಟೆ ಕಣ್ಣು ಕೀಳದೆ ನೋಡುವ ಅಪರಿಚಿತನೊಬ್ಬನ ಮುಂದೆ, ಬಿಗಿ ಬಟ್ಟೆಯಲ್ಲಿ, ಬೆವರುತ್ತ ನಿಲ್ಲುವವರಿಗೆ ಮುಜುಗರವಾಗದಿದ್ದರೆ ಅದೇ ಆಶ್ಚರ್ಯ.

ಪಕ್ಕದವರ ವಿಷಯವನ್ನು ಮೊದಲು ಮುಗಿಸಿಬಿಡುತ್ತೇವೆ. 2000ದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಚಿತ್ರವಿರುವ ಟಿ-ಶರ್ಟ್ ತೊಡಿಸಿ ಜನರಿದ್ದ ಕೋಣೆಗೆ ಕಳಿಸಿದರು. ಕೋಣೆಯಲ್ಲಿದ್ದ ಸುಮಾರು ಅರ್ಧದಷ್ಟು ಜನ ಆ ಚಿತ್ರವನ್ನು ಗಮನಿಸಿರುತ್ತಾರೆ ಎಂದು ಟಿ-ಶರ್ಟ್ ತೊಟ್ಟವರು ಊಹಿಸಿದರು. ನಿಜಕ್ಕೂ ಗಮನಿಸಿದವರು ಸುಮಾರು ಕಾಲು ಭಾಗ. ಅಂದರೆ ಜನ ನೋಡುವುದೇ ಇಲ್ಲವೆಂದಲ್ಲ, ನಾವು ಎಣಿಸಿದಷ್ಟು ನೋಡುವುದಿಲ್ಲ ಎಂದಷ್ಟೇ. ಈ ಲೆಕ್ಕ ಹಾಲ್‌ನಲ್ಲಿರುವ ಅಪರಿಚಿತರಿಗೆ ಸರಿ. ಟ್ರೇನರ್‌ಗೂ, ಟೇಪಿಗೂ, ಕನ್ನಡಿಗೂ, ಗೋಡೆಯ ಮೇಲಿನ ‘ಬಿಫೋರ್-ಆಫ್ಟರ್’ ಫೋಟೋಗಳಿಗೂ ಇದು ಹೊಂದುವುದಿಲ್ಲ. ಮುಜುಗರದ ದೊಡ್ಡ ಪಾಲು ಹುಟ್ಟುವುದು ಅಲ್ಲೇ. ಅಲ್ಲಿ ಬದಲಾಗಬೇಕಾದವರು ಗ್ರಾಹಕರಲ್ಲ, ನಾವು.

ಮೊದಲ ದಿನದ ಅಳತೆಯನ್ನೇ ತೆಗೆದುಕೊಳ್ಳಿ. ಬಹಳಷ್ಟು ಕಡೆ ಅದು ನಡೆಯುವುದು ರಿಸೆಪ್ಷನ್ ಪಕ್ಕದಲ್ಲಿ. ಒಬ್ಬ ಟೇಪು ಸುತ್ತುತ್ತಾನೆ, ಇನ್ನೊಬ್ಬ ಮೂರು ಮಾರು ಆಚೆ ಟೇಬಲ್ಲಿನಲ್ಲಿ ಫಾರ್ಮ್ ಹಿಡಿದು ಕೂತಿರುತ್ತಾನೆ. ‘ಕಮರ್ ಏಕ್ಸೌ ಚಾರ್!’ (ಸೊಂಟ ನೂರಾ ನಾಲ್ಕು!) ಎಂಬ ಕೂಗು ಹಾಡಿನ ಸದ್ದನ್ನೂ ಮೀರಿ ಹೋಗುತ್ತದೆ. ಅಳತೆ ಕೊಟ್ಟವರು ಮರುದಿನ ಬಂದರೂ ಮನಸ್ಸು ಬಂದಿರುವುದಿಲ್ಲ. ಇಷ್ಟಾಗಿ ಆ ಅಂಕಿ ಸರಿಯಾದರೂ ಇರುತ್ತದೆಯೇ ಎಂದರೆ ಅದೂ ಇಲ್ಲ. ಯಾರೋ ಮುಟ್ಟುತ್ತಿದ್ದಾರೆ ಎಂದು ಹೊಟ್ಟೆ ಒಳಗೆಳೆದುಕೊಂಡವರ ಸುತ್ತಳತೆ ಎರಡು-ಮೂರು ಸೆಂಟಿಮೀಟರ್ ಸುಲಭವಾಗಿ ಕಡಿಮೆ ಬರುತ್ತದೆ. ತಿಂಗಳ ನಂತರ ಅದೇ ಮನುಷ್ಯ ಸ್ವಲ್ಪ ನಿರಾಳವಾಗಿ ನಿಂತಾಗ ಟೇಪು ಹೆಚ್ಚು ತೋರಿಸುತ್ತದೆ. ‘ಇಷ್ಟು ಬೆವರು ಸುರಿಸಿದರೂ ಹೊಟ್ಟೆ ಬೆಳೆಯಿತಲ್ಲ’ ಎಂದು ಆತ ಜಿಮ್ಮೇ ಬಿಡುತ್ತಾನೆ.

ಸರಿಯಾದ ವಿಧಾನ ಕಷ್ಟದ್ದೇನಲ್ಲ. ಪಾದಗಳನ್ನು ಹತ್ತಿರ ಇಟ್ಟು ನೇರ ನಿಲ್ಲಬೇಕು. ಪಕ್ಕದಲ್ಲಿ ಕೈಯಾಡಿಸಿದರೆ ಪಕ್ಕೆಲುಬಿನ ಕೊನೆ ಸಿಗುತ್ತದೆ, ಕೆಳಗೆ ಸೊಂಟದ ಮೂಳೆಯ ಏರು ಸಿಗುತ್ತದೆ. ಇವೆರಡರ ನಡುಮಧ್ಯ ಟೇಪು ಬರಬೇಕು. ಹೊಕ್ಕುಳನ್ನು ಗುರುತಾಗಿ ಹಿಡಿಯಬೇಡಿ, ಹೊಟ್ಟೆ ಇಳಿಬಿದ್ದಂತೆ ಅದೂ ಜಾಗ ಬದಲಿಸುತ್ತದೆ. ಸಹಜವಾಗಿ ಉಸಿರು ಬಿಟ್ಟು ಮುಗಿದ ಕ್ಷಣದಲ್ಲಿ, ಟೇಪು ನೆಲಕ್ಕೆ ಸಮಾನಾಂತರವಾಗಿ, ಚರ್ಮಕ್ಕೆ ತಾಗಿ, ಆದರೆ ಒತ್ತದಂತೆ ಓದಿಕೊಳ್ಳಬೇಕು. ಭಾರತೀಯರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳ ಕಡೆ ಗಮನ ಕೊಡಬೇಕು ಎಂಬುದು ವೈದ್ಯರು ಒಪ್ಪಿದ ಗೆರೆ. ಇದಕ್ಕೆ ಟ್ರೇನರ್ ಮುಟ್ಟಲೇಬೇಕೆಂದಿಲ್ಲ. ಗ್ರಾಹಕರೇ ಟೇಪು ಹಿಡಿಯಲಿ, ನಾವು ಪಕ್ಕದಲ್ಲಿ ನಿಂತು ‘ಹಿಂದೆ ಸ್ವಲ್ಪ ಮೇಲೆ ಹೋಗಿದೆ’ ಎಂದು ಹೇಳಿದರೆ ಸಾಕು. ಅದೂ ಬೇಡವೆನ್ನುವವರಿಗೆ ಇನ್ನೊಂದು ದಾರಿ ಇದೆ: ಮನೆಯಲ್ಲಿ ಹೊಲಿಗೆಯ ದಪ್ಪ ದಾರವನ್ನು ಸೊಂಟಕ್ಕೆ ಸುತ್ತಿ, ಸೇರಿದಲ್ಲಿ ಗಂಟು ಹಾಕಿ ಡಬ್ಬಿಯಲ್ಲಿಡಿ. ನಾಲ್ಕು ವಾರ ಬಿಟ್ಟು ಅದೇ ದಾರ, ಅದೇ ಹೊತ್ತು, ಅದೇ ಜಾಗ. ಗಂಟಿಗೆ ಮುಂಚೆಯೇ ದಾರ ಸೇರಿದರೆ ಇಳಿದಿದೆ ಎಂದು ಲೆಕ್ಕ. ಅಂಕಿಯೇ ಬೇಕಾಗಿಲ್ಲ. ಒಂದು ಸೆಂಟಿಮೀಟರಿನ ಏರಿಳಿತ ಕೈತಪ್ಪಿನಿಂದಲೂ ಬರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

‘ಫ್ರೀ ಬಾಡಿ ಅನಾಲಿಸಿಸ್’ ಎಂದು ಯಂತ್ರದ ಮೇಲೆ ನಿಲ್ಲಿಸಿ ಕೆಂಪು ಗೆರೆಗಳ ಚೀಟಿ ಕೈಗಿಡುತ್ತಾರಲ್ಲ, ಅದರ ಬಗ್ಗೆ ನಮ್ಮ ವೃತ್ತಿಯವರು ಹೇಳದ ಮಾತೊಂದನ್ನು ಹೇಳಿಬಿಡುತ್ತೇವೆ: ಅದು ಅರ್ಧ ಅಳತೆ, ಅರ್ಧ ವ್ಯಾಪಾರ. ಯಂತ್ರ ಮೈಯೊಳಗೆ ಸಣ್ಣ ವಿದ್ಯುತ್ ಹರಿಸುತ್ತದೆ. ನೀರಿರುವ ಸ್ನಾಯುವಿನಲ್ಲಿ ಅದು ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಆ ತಡೆಯಿಂದ ಕೊಬ್ಬಿನ ಪ್ರಮಾಣವನ್ನು ಸೂತ್ರ ಹಾಕಿ ಅಂದಾಜು ಮಾಡುತ್ತದೆ. ಹಾಗಾಗಿ ಊಟ ಮಾಡಿ ನಿಂತರೆ, ಬೆವರಿ ನಿಂತರೆ, ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತಾಗ ಅಂಕಿ ಬದಲಾಗುತ್ತದೆ. ‘ನಿಮ್ಮ ಮೈಯ ವಯಸ್ಸು 52’ ಎನ್ನುವ ಸಾಲು ಯಂತ್ರ ತಯಾರಕರ ಸ್ವಂತ ಲೆಕ್ಕ, ವೈದ್ಯರ ಮಾತಲ್ಲ. ಪೇಸ್‌ಮೇಕರ್ ಇದ್ದವರು ಆ ಯಂತ್ರ ಹತ್ತಲೇಬಾರದು. ಉಳಿದವರು ಹತ್ತುವುದಾದರೆ ಊಟವಾಗಿ ಮೂರು-ನಾಲ್ಕು ಗಂಟೆಯ ನಂತರ, ಮೂತ್ರಕ್ಕೆ ಹೋಗಿ ಬಂದು, ವ್ಯಾಯಾಮಕ್ಕೆ ಮುಂಚೆ ಹತ್ತಿ. ಮೊದಲ ದಿನ ‘ಇದು ಬೇಡ, ಎರಡು ತಿಂಗಳಾದ ಮೇಲೆ ನೋಡೋಣ’ ಎಂದರೆ ಯಾವ ಒಳ್ಳೆಯ ಟ್ರೇನರ್‌ಗೂ ಬೇಸರವಾಗುವುದಿಲ್ಲ. ಬೇಸರ ಮಾಡಿಕೊಂಡರೆ ಅವನು ಮಾರಾಟದ ವಿಭಾಗದವನು ಎಂದು ತಿಳಿಯಿರಿ.

ಮೈ ನೋಡಿ ಆರೋಗ್ಯ ಹೇಳುವ ಅಭ್ಯಾಸ ನಮ್ಮಲ್ಲಿ ಹಳೆಯದು. ಮದುವೆ ಮನೆಯಲ್ಲಿ ‘ದಪ್ಪ ಆಗಿದ್ದೀಯಲ್ಲ ಮಾರಾಯ್ತಿ’ ಎನ್ನುವವರೇ ಇನ್ನೊಬ್ಬಳಿಗೆ ‘ಎಷ್ಟು ಸಪೂರ, ಗಂಡ ಊಟ ಹಾಕುವುದಿಲ್ಲವೋ’ ಎನ್ನುತ್ತಾರೆ. ಸಪೂರ ಇದ್ದವರೂ ಜಿಮ್ಮಿನಲ್ಲಿ ಕುಗ್ಗುತ್ತಾರೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಮೈಯ ಲೆಕ್ಕ ಪ್ರಕಟಿಸಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಕೂಡ 22.3. ಕೊಬ್ಬಿನ ಪ್ರಮಾಣ ಮಾತ್ರ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಕಣ್ಣಿಗೆ ತೆಳ್ಳಗೆ ಕಂಡರೂ ಒಳಗೆ ಕೊಬ್ಬಿರುವ ಭಾರತೀಯ ಮೈಕಟ್ಟಿಗೆ ಇದು ಪ್ರಸಿದ್ಧ ಉದಾಹರಣೆಯಾಯಿತು. ಟ್ರೇನರ್ ಆದವನು ಬಾಗಿಲಲ್ಲೇ ನೋಡಿ ‘ವೇಟ್ ಲಾಸ್’, ‘ವೇಟ್ ಗೇನ್’ ಎಂದು ಫಾರ್ಮಿನಲ್ಲಿ ಗುರುತು ಹಾಕುವುದು ಎಷ್ಟು ಅವಸರದ ಕೆಲಸ ಎನ್ನಲು ಇಷ್ಟು ಸಾಕು.

ಈಗ ಮುಖ್ಯ ವಿಷಯ. ಮುಜುಗರ ಬರೀ ಮನಸ್ಸಿನ ಸಂಗತಿಯಾಗಿ ಉಳಿಯುವುದಿಲ್ಲ, ಅದು ವ್ಯಾಯಾಮದೊಳಗೆ ಇಳಿಯುತ್ತದೆ. ಹೊಸಬರು ಬಸ್ಕಿ ಹೊಡೆಯುವುದನ್ನು ಗಮನಿಸಿ. ಪ್ರತಿ ಸಲ ಮೇಲೆ ಬಂದಾಗ ಎಡಗೈ ತಾನಾಗಿ ಟಿ-ಶರ್ಟನ್ನು ಹಿಂದಿನಿಂದ ಕೆಳಗೆಳೆಯುತ್ತದೆ. ಎರಡೂ ಕೈಯಲ್ಲಿ ಡಂಬೆಲ್ ಕೊಟ್ಟರೆ, ಎಳೆಯಲು ಕೈ ಸಿಗದೆ, ಅರ್ಧಕ್ಕೇ ಕೂತು ಎದ್ದುಬಿಡುತ್ತಾರೆ. ‘ಮಂಡಿ ನೋವು’ ಎನ್ನುತ್ತಾರೆ. ಮಂಡಿಗೆ ಏನೂ ಆಗಿರುವುದಿಲ್ಲ. ಇನ್ನೂ ದೊಡ್ಡ ತೊಂದರೆ ಉಸಿರಿನದು. ಟ್ರೇನರ್ ಎದುರು ನಿಂತಿರುವಷ್ಟು ಹೊತ್ತೂ ಹೊಟ್ಟೆ ಒಳಗೆ ಎಳೆದುಕೊಂಡೇ ಇರುತ್ತಾರೆ. ಹಾಗೆ ಎಳೆದಾಗ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯಲು ಜಾಗವಿಲ್ಲ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ, ಭುಜ ಕಿವಿಯ ಕಡೆ ಏರುತ್ತದೆ. ಭಾರ ಎತ್ತುವಾಗ ಬೆನ್ನೆಲುಬಿಗೆ ಆಸರೆಯಾಗುವುದು ಹೊಟ್ಟೆಯ ಸುತ್ತಲಿನ ಒತ್ತಡ. ಅದು ಸರಿಯಾಗಿ ಕಟ್ಟುವುದಿಲ್ಲ. ಹತ್ತು ನಿಮಿಷಕ್ಕೆ ತಲೆಸುತ್ತು, ಮರುದಿನ ಕುತ್ತಿಗೆ ನೋವು, ಮೂರನೆಯ ವಾರಕ್ಕೆ ಸೊಂಟ ಹಿಡಿತ. ‘ಜಿಮ್ ನನ್ನ ಮೈಗೆ ಆಗಿಬರಲಿಲ್ಲ’ ಎಂದು ಹೇಳಿಕೊಂಡು ಹೋಗುವ ಎಷ್ಟೋ ಮಂದಿಯ ಮೂಲ ದೋಷ ಈ ಒಳಗೆಳೆದ ಹೊಟ್ಟೆ.

ಇದಕ್ಕೆ ‘ರಿಲ್ಯಾಕ್ಸ್, ರಿಲ್ಯಾಕ್ಸ್’ ಎಂದು ಕೂಗಿದರೆ ಏನೂ ಆಗದು. ಮೊದಲ ಸೆಷನ್ನಿನ ಮೊದಲ ಐದು ನಿಮಿಷ ಚಾಪೆಯ ಮೇಲೆ ಅಂಗಾತ ಮಲಗಿಸಿ, ಮಂಡಿ ಮಡಚಿ, ಪಾದ ನೆಲಕ್ಕೂರಿಸಿ. ಅವರದೇ ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಪಕ್ಕೆಯ ಮೇಲೆ. ಮೂಗಿನಿಂದ ಎಳೆದಾಗ ಎರಡೂ ಕೈ ಹೊರಗೆ ಸರಿಯಬೇಕು. ಬಾಯಿಂದ ನಿಧಾನ ಬಿಡುವಾಗ ಪಕ್ಕೆ ಇಳಿಯಬೇಕು. ಐದಾರು ಉಸಿರು, ಸ್ವಲ್ಪ ಬಿಡುವು, ಮತ್ತೆ ಐದಾರು. ಟ್ರೇನರ್ ತಲೆಯ ಕಡೆ, ಒಂದು ಬದಿಗೆ ನೆಲದ ಮೇಲೆ ಕೂತಿರಬೇಕು. ಕಾಲಿನ ಕಡೆ ನಿಂತು ಕೆಳಗೆ ನೋಡಬಾರದು. ಮಲಗಿದಾಗ ಹೊಟ್ಟೆ ಚಪ್ಪಟೆಯಾಗಿ ಕಾಣುವುದರಿಂದ ಎಳೆದುಕೊಳ್ಳುವ ಹಂಬಲ ತಾನಾಗಿ ಕಡಿಮೆಯಾಗುತ್ತದೆ. ಆಮೇಲೆ ಅದೇ ಉಸಿರನ್ನು ಕುರ್ಚಿಯ ಮೇಲೆ, ಕೊನೆಗೆ ನಿಂತು.

ಮೊದಲ ನಾಲ್ಕು ವಾರ ವಾರಕ್ಕೆ ಎರಡು ದಿನ, 40 ನಿಮಿಷ ಸಾಕು. ಮೈ ತೆರೆದುಕೊಳ್ಳುವ, ಬಗ್ಗಿ ಹಿಂಭಾಗ ಎತ್ತುವ, ಇನ್ನೊಬ್ಬರು ಕಾಲು ಹಿಡಿದು ಎಳೆಯುವ ಯಾವುದೂ ಈ ಅವಧಿಯಲ್ಲಿ ಬೇಕಾಗಿಲ್ಲ. ಪ್ರತಿಯೊಂದಕ್ಕೂ ಮರ್ಯಾದೆಯ ಪರ್ಯಾಯವಿದೆ. ಕಾಲಿಗೆ, ಕುರ್ಚಿಯಿಂದ ಎದ್ದು ಕೂರುವುದು: ಸುಮಾರು 50 ಸೆಂ.ಮೀ. ಎತ್ತರದ ಆಸನದಿಂದ ಶುರು ಮಾಡಿ 10ರಂತೆ ಎರಡು ಸುತ್ತು, ಸುಲಭವಾದಾಗ 45ಕ್ಕೆ ಇಳಿಸಿ. ಎದೆಗೆ, ಗೋಡೆಗೆ ಕೈಯೂರಿ ದಂಡ, ಆಮೇಲೆ ಅಡುಗೆಕಟ್ಟೆಯ ಎತ್ತರ. ಬೆನ್ನಿಗೆ, ಕೂತು ರಬ್ಬರ್ ಬ್ಯಾಂಡ್ ಎಳೆಯುವುದು. ಒಂದು ಕೈಯಲ್ಲಿ ಐದಾರು ಕೆ.ಜಿ. ಚೀಲ ಹಿಡಿದು ನೇರ ನಡೆಯುವುದು, 20 ಮೀಟರ್, ಕೈ ಬದಲಿಸಿ ಮತ್ತೆ. ಸುತ್ತು ಮುಗಿದಾಗ ‘ಇನ್ನೂ ಮೂರು ಮಾಡಬಹುದಿತ್ತು’ ಎನ್ನಿಸಬೇಕು. ನಡುವೆ ಒಂದೂವರೆಯಿಂದ ಎರಡು ನಿಮಿಷ ಬಿಡುವು ಕೊಡಿ. ಮೊದಲ ದಿನವೇ ಬೆವರಿಳಿಸಿ ತೋರಿಸಬೇಕೆಂಬ ಹಟ ಕೆಲವು ಟ್ರೇನರ್‌ಗಳಿಗಿದೆ. ಮಾತಿಗೆ ನಾಚಿ ‘ಆಗುವುದಿಲ್ಲ’ ಎನ್ನದ ಹೊಸಬರು ನೂರು ಬಸ್ಕಿ ಹೊಡೆದು ಮೂರು ದಿನ ಮೆಟ್ಟಿಲು ಇಳಿಯಲಾರದೆ ಕೂರುತ್ತಾರೆ. ನೋವು ಒಂದರಿಂದ ಮೂರು ದಿನದೊಳಗೆ ಹೆಚ್ಚಿ ಇಳಿದರೆ ಸರಿ. ಸ್ನಾಯು ಊದಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಅದು ಮೂತ್ರಪಿಂಡಕ್ಕೆ ಅಪಾಯ.

ಎಲ್ಲಿ ನಿಲ್ಲಬೇಕು ಎಂಬುದೂ ಟ್ರೇನರ್ ಕಲಿಯಬೇಕಾದ ವಿದ್ಯೆ. ಬಸ್ಕಿಯನ್ನು ಓರೆಯಾಗಿ ಬದಿಯಿಂದ ನೋಡಿದರೆ ಮಂಡಿ, ಸೊಂಟ, ಬೆನ್ನು ಮೂರೂ ಕಾಣುತ್ತವೆ. ನೇರ ಹಿಂದೆ ನಿಂತು ನೋಡಬೇಕಾದ ಸಂದರ್ಭ ಹೊಸಬರ ಮಟ್ಟಿಗೆ ಬಹಳ ಕಡಿಮೆ. ತಿದ್ದಲು ಮೊದಲು ಮಾತು, ಆಮೇಲೆ ಮಾಡಿ ತೋರಿಸುವುದು, ಅದಾಗದಿದ್ದರೆ ಒಂದು ಪ್ಲಾಸ್ಟಿಕ್ ಪೈಪನ್ನು ಬೆನ್ನಿಗೆ ಹಿಡಿಸಿ ‘ತಲೆ, ಬೆನ್ನು, ಬಾಲದ ಮೂಳೆ ಮೂರೂ ಇದಕ್ಕೆ ತಾಗಿರಲಿ’ ಎನ್ನುವುದು. ಕೈಯಿಂದ ಮುಟ್ಟುವುದು ಕೊನೆಯದು, ಅದೂ ‘ಭುಜದ ಹಿಂದೆ ಎರಡು ಬೆರಳು ಇಡಲೇ?’ ಎಂದು ಪ್ರತಿ ಸಲ ಕೇಳಿ. ಒಮ್ಮೆ ಹೂಂ ಎಂದದ್ದು ತಿಂಗಳಿಡೀ ಹೂಂ ಎಂದಲ್ಲ. ‘ಮುಟ್ಟಬೇಡಿ’ ಎಂದು ಮೊದಲೇ ಹೇಳುವುದು ಸಂಕೋಚವಾದರೆ ಫಾರ್ಮಿನಲ್ಲಿ ಬರೆದು ಕೊಡಿ.

ಆ ಫಾರ್ಮಿನ ಮಾತಿಗೆ ಬರೋಣ. ಪಾರ್-ಕ್ಯೂ ಎಂಬ ಏಳು ಪ್ರಶ್ನೆಗಳ ಆರೋಗ್ಯ ಪತ್ರವನ್ನು ವ್ಯಾಯಾಮಕ್ಕೆ ಮುಂಚೆ ತುಂಬಿಸುವುದು ಜಗತ್ತಿನೆಲ್ಲೆಡೆ ರೂಢಿ. ಇಲ್ಲಿ ಕೌಂಟರಿನ ಮೇಲೆ, ನಾಲ್ಕು ಜನರ ಎದುರು, ಓದದೆ ‘ನೋ, ನೋ, ನೋ’ ಎಂದು ಗೀಚಿಸುತ್ತಾರೆ. ಮುಜುಗರ ಪಡುವವರು ಅಲ್ಲೇ ಸುಳ್ಳು ಬರೆಯುವುದು, ಆ ಸುಳ್ಳಿಗೆ ಬೆಲೆ ತೆರಬೇಕಾಗುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಭಾರ ಎತ್ತಿದರೆ ಸಕ್ಕರೆ ಕುಸಿಯಬಹುದು. ಶುರುವಿಗೆ ಮುಂಚೆ ರಕ್ತದ ಸಕ್ಕರೆ 90 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗಿದ್ದರೆ ಒಂದು ಬಾಳೆಹಣ್ಣು ತಿಂದು ಕಾಯಬೇಕು. ನಡುವೆ ಕೈ ನಡುಗಿ, ತಣ್ಣಗೆ ಬೆವರಿದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರ ಎದೆಬಡಿತ ಔಷಧದಿಂದಲೇ ತಗ್ಗಿರುತ್ತದೆ. ಅವರನ್ನು ಕೈಗಡಿಯಾರ ತೋರಿಸುವ ಎದೆಬಡಿತದ ಅಂಕಿ ನೋಡಿ ಓಡಿಸಿದರೆ ಮಿತಿ ಮೀರಿಸಿದಂತೆ. ಅವರಿಗೆ ‘ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ’ ಎಂಬಷ್ಟು ಶ್ರಮವೇ ಅಳತೆ.

ಹೆಂಗಸರು ಮುಚ್ಚಿಡುವ ಇನ್ನೊಂದು ವಿಷಯ ಹಾರುವಾಗ, ಕೆಮ್ಮುವಾಗ ನಾಲ್ಕು ಹನಿ ಮೂತ್ರ ಜಾರುವುದು. ಹೆರಿಗೆಯಾದವರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಟ್ರೇನರ್ ಕೇಳದೇ ಇರುವುದೇ ತಪ್ಪು. ಅದನ್ನು ಹೇಳಲಾರದೆ ಜಂಪಿಂಗ್ ಜ್ಯಾಕ್ ಬಂದಾಗಲೆಲ್ಲ ‘ಸುಸ್ತು’ ಎಂದು ನಿಲ್ಲುತ್ತಾರೆ, ಟ್ರೇನರ್ ‘ಸೋಮಾರಿ’ ಎಂದುಕೊಳ್ಳುತ್ತಾನೆ. ಹಾರುವುದನ್ನು ಮೆಟ್ಟಿಲು ಹತ್ತುವುದಕ್ಕೆ ಬದಲಿಸಿ, ಎತ್ತುವಾಗ ಉಸಿರು ಬಿಡುವುದನ್ನು ಕಲಿಸಿ. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಒಮ್ಮೆಗೆ ಕನಿಷ್ಠ 8 ಸಲ ಬಿಗಿಹಿಡಿದು ಬಿಡುವುದು, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು, ಇದು ಮನೆಯಲ್ಲೇ ಆಗುವ ಕೆಲಸ. ಕಡಿಮೆಯಾಗದಿದ್ದರೆ ಫಿಸಿಯೋಥೆರಪಿಸ್ಟರ ಬಳಿ ಹೋಗಿ. ಫಾರ್ಮನ್ನು ಮನೆಗೆ ಕೊಟ್ಟು ಕಳಿಸಿ, ಮುಚ್ಚಿದ ಲಕೋಟೆಯಲ್ಲಿ ವಾಪಸ್ ತೆಗೆದುಕೊಳ್ಳುವುದಕ್ಕೆ ಜಿಮ್ಮಿಗೆ ಒಂದು ರೂಪಾಯಿ ಖರ್ಚು.

ದೊಡ್ಡ ಮೈಯವರಿಗೆ ಹೇಳಲಾಗದ ಇನ್ನೊಂದು ಭಯ: ‘ಈ ಬೆಂಚು ನನ್ನ ಭಾರ ತಡೆದೀತೇ?’ ಕೇಳುವ ಹೊಣೆ ಅವರದಲ್ಲ. ಟ್ರೆಡ್‌ಮಿಲ್, ಸೈಕಲ್, ಬೆಂಚಿನ ಮೇಲೆ ಸಾಮಾನ್ಯವಾಗಿ ಗರಿಷ್ಠ ಭಾರದ ಚೀಟಿ ಇರುತ್ತದೆ. ಮನೆಬಳಕೆಯ ಯಂತ್ರಗಳಲ್ಲಿ ಇದು ಎಷ್ಟೋ ಸಲ 100-120 ಕೆ.ಜಿ. ಮಾತ್ರ. ಟ್ರೇನರ್ ಮೊದಲೇ ಓದಿಟ್ಟುಕೊಂಡು, ಸುಮ್ಮನೆ ಗಟ್ಟಿಯಾದದ್ದರ ಕಡೆ ಕರೆದೊಯ್ಯಬೇಕು. ಸೊಸೈಟಿ ಜಿಮ್ಮುಗಳಲ್ಲಿ ಇಟ್ಟಿರುವುದು ಬಹುಪಾಲು ಮನೆಬಳಕೆಯ ಯಂತ್ರಗಳೇ ಎಂಬುದನ್ನು ಕಮಿಟಿಯವರು ಗಮನಿಸಲಿ.

ಬಟ್ಟೆಯ ಬಗ್ಗೆ ಮುಂಬೈ ಹವೆಗೆ ತಕ್ಕ ನಾಲ್ಕು ಮಾತು. ಮೈ ಮುಚ್ಚಲು ದಪ್ಪ ಜಾಕೆಟ್ ಹಾಕಿಕೊಂಡು ಬರುವವರಿದ್ದಾರೆ. ಈ ಸೆಕೆಯಲ್ಲಿ ಅದು ತಲೆಸುತ್ತಿಗೆ ದಾರಿ. ಬೆವರಿಳಿದರೆ ಕೊಬ್ಬಿಳಿಯಿತು ಎಂದು ಪ್ಲಾಸ್ಟಿಕ್ ಬೆಲ್ಟ್ ಕಟ್ಟುವುದೂ ಅಷ್ಟೇ, ಇಳಿದದ್ದು ನೀರು, ಎರಡು ಲೋಟ ಕುಡಿದರೆ ವಾಪಸ್. ಬೂದು ಬಣ್ಣದಲ್ಲಿ ಬೆವರಿನ ಕಲೆ ಎದ್ದು ಕಾಣುತ್ತದೆ, ಕಪ್ಪು ಅಥವಾ ಗಾಢ ನೀಲಿಯಲ್ಲಿ ಕಾಣುವುದಿಲ್ಲ. ಲೆಗ್ಗಿಂಗ್ ಕೊಂಡಾಗ ಮನೆಯಲ್ಲಿ ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಬಸ್ಕಿ ಕೂತು ಕನ್ನಡಿಯಲ್ಲಿ ನೋಡಿಕೊಳ್ಳಿ. ಬಟ್ಟೆ ತೆಳುವಾದರೆ ಅಲ್ಲೇ ಗೊತ್ತಾಗುತ್ತದೆ. ಟಿ-ಶರ್ಟ್ ತೊಡೆಯ ಅರ್ಧದವರೆಗೆ ಬಂದರೆ ಎಳೆಯುವ ಕೈಗೆ ಕೆಲಸ ತಪ್ಪುತ್ತದೆ. ಸಲ್ವಾರ್ ಹಾಕಿ ವ್ಯಾಯಾಮ ಮಾಡಬಾರದೆಂದೇನಿಲ್ಲ, ದುಪಟ್ಟಾ ಮತ್ತು ಅಗಲ ಪಾದದ ಅಂಚು ಮಾತ್ರ ಯಂತ್ರಕ್ಕೆ ಸಿಕ್ಕದಂತಿರಲಿ. ಸ್ಪೋರ್ಟ್ಸ್ ಬ್ರಾ ಕೊಳ್ಳುವಾಗ ಅಂಗಡಿಯಲ್ಲೇ ಹಾಕಿ ನಾಲ್ಕು ಸಲ ಹಾರಿ ನೋಡಿ. ಕೆಳಗಿನ ಪಟ್ಟಿಯೊಳಗೆ ಎರಡು ಬೆರಳು ಮಾತ್ರ ಹಿಡಿಯಬೇಕು, ಭುಜದ ಪಟ್ಟಿಯಲ್ಲಿ ಇಡೀ ಭಾರ ನಿಂತರೆ ಕುತ್ತಿಗೆ ನೋಯುತ್ತದೆ. ತೊಡೆ ಉಜ್ಜಿ ಉರಿಯುವವರು ಒಳಗೆ ಸೈಕ್ಲಿಂಗ್ ಶಾರ್ಟ್ಸ್ ಹಾಕಲಿ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಲಿ. ಮಳೆಗಾಲದಲ್ಲಿ ಒಂದೇ ಜೊತೆ ಅರ್ಧ ಒಣಗಿದ್ದನ್ನೇ ಹಾಕಿಕೊಂಡರೆ ತೊಡೆಸಂದಿಯಲ್ಲಿ ಗಜಕರ್ಣ ಖಚಿತ. ಎರಡು ಜೊತೆ ಇಟ್ಟುಕೊಳ್ಳಿ, ಒದ್ದೆ ಬಟ್ಟೆಯಲ್ಲೇ ಲೋಕಲ್ ರೈಲು ಹತ್ತಬೇಡಿ. ಗಜಕರ್ಣಕ್ಕೆ ಔಷಧಿ ಅಂಗಡಿಯವನು ಕೊಡುವ ಸ್ಟಿರಾಯ್ಡ್ ಬೆರೆಸಿದ ಕ್ರೀಮ್ ಹಚ್ಚಿದರೆ ತುರಿಕೆ ಅಡಗಿ ರೋಗ ಹರಡುತ್ತದೆ.

ಕನ್ನಡಿ. 2003ರಲ್ಲಿ ಕೆನಡಾದ ಸಂಶೋಧಕರು ವ್ಯಾಯಾಮದ ರೂಢಿಯಿಲ್ಲದ ಹೆಂಗಸರನ್ನು ಕನ್ನಡಿಯ ಎದುರೂ ಕನ್ನಡಿ ಮುಚ್ಚಿಯೂ ಸೈಕಲ್ ತುಳಿಸಿ ನೋಡಿದರು. ಕನ್ನಡಿ ಎದುರಿದ್ದಾಗ ಅವರಿಗೆ ಅಷ್ಟು ಹಿತವೆನ್ನಿಸಲಿಲ್ಲ, ತಮ್ಮ ಮೈಯ ಬಗ್ಗೆ ಮುಜುಗರ ಕಡಿಮೆಯಿದ್ದವರಿಗೂ ಸಹ. ಹೊಸಬರನ್ನು ಕನ್ನಡಿಗೆ ಬದಿಯಾಗಿ ನಿಲ್ಲಿಸಿ. ಮೈಯ ಬದಲು ಕೆಲಸ ಅಳೆಯಿರಿ: 43 ಸೆಂ.ಮೀ. ಕುರ್ಚಿಯಿಂದ, ಕೈ ಎದೆಗೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತಾರೆ? ಡೊಂಬಿವಲಿ ಸ್ಟೇಷನ್ನಿನ ಸೇತುವೆಯನ್ನು ನಿಲ್ಲದೆ ಹತ್ತಲಾಗುತ್ತದೆಯೇ? ಮೊದಲ ಒಂದೆರಡು ತಿಂಗಳು ಬಲ ಹೆಚ್ಚುವುದು ಬಹುಪಾಲು ನರಗಳು ಸ್ನಾಯುವನ್ನು ಚೆನ್ನಾಗಿ ಬಳಸಲು ಕಲಿಯುವುದರಿಂದ. ಹಾಗಾಗಿ ಮೈ ಬದಲಾಗುವ ಮುಂಚೆಯೇ ಈ ಅಂಕಿಗಳು ಬದಲಾಗುತ್ತವೆ. ತೂಕದ ಯಂತ್ರ ಮಾತ್ರ ಆ ಹೊತ್ತಿಗೆ ಮೋಸ ಮಾಡುತ್ತದೆ, ಹೊಸ ವ್ಯಾಯಾಮಕ್ಕೆ ಸ್ನಾಯು ನೀರು ಹಿಡಿದಿಡುವುದರಿಂದ ಒಂದು ಕೆ.ಜಿ. ಏರಿದರೂ ಏರೀತು.

ಮನೆಗೆ ಟ್ರೇನರ್ ಕರೆಸಿಕೊಳ್ಳುವವರು ಜಿಮ್ಮಿನ ಕಣ್ಣು ತಪ್ಪಿಸಿಕೊಂಡೆವು ಎಂದುಕೊಳ್ಳುತ್ತಾರೆ. ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅತ್ತೆ ಸೋಫಾದಲ್ಲಿ, ಕೆಲಸದವಳು ಪೊರಕೆ ಹಿಡಿದು ಬಾಗಿಲಲ್ಲಿ, ಮಗ ಮೊಬೈಲಿನಲ್ಲಿ. ಎಲ್ಲಕ್ಕಿಂತ ಕಟು ಪ್ರೇಕ್ಷಕರು ಇವರೇ. ಆರು ಅಡಿಗೆ ಆರು ಅಡಿ ಜಾಗ ಸಾಕು. ಬಾಗಿಲು ಪೂರ್ತಿ ಮುಚ್ಚುವುದು ಬೇಡ, ಅರ್ಧ ತೆರೆದಿಟ್ಟು ಪರದೆ ಎಳೆಯಿರಿ, ಇಬ್ಬರಿಗೂ ಕ್ಷೇಮ. ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ಮೇಲೆ ಜಾರುತ್ತದೆ, ಗೋಡೆಗೆ ಒರಗಿಸದೆ ಬಳಸಬೇಡಿ. ಹಾರುವ ವ್ಯಾಯಾಮ ಕೆಳಗಿನ ಮನೆಯವರ ದೂರಿಗೂ ಕಾರಣ, ಹಾರುವುದನ್ನು ಬಿಡಲು ಅದೊಂದು ಒಳ್ಳೆಯ ನೆಪ.

ಫೋಟೋ ವಿಷಯದಲ್ಲಿ ಗಟ್ಟಿಯಾಗಿರಿ. ‘ಪ್ರೋಗ್ರೆಸ್ ಫೋಟೋ’ ಬೇಕಿದ್ದರೆ ನಿಮ್ಮ ಮೊಬೈಲಿನಲ್ಲೇ ತೆಗೆಯಲಿ. ಪ್ಯಾಕೇಜ್ ಕಾಗದದ ಹಿಂಬದಿಯ ಸಣ್ಣ ಅಕ್ಷರದಲ್ಲಿ ‘ಪ್ರಚಾರಕ್ಕೆ ಬಳಸಲು ಒಪ್ಪಿಗೆ’ ಎಂದಿದ್ದರೆ ಆ ಸಾಲನ್ನು ಅಡ್ಡಗೆರೆ ಎಳೆದು ಸಹಿ ಹಾಕಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕನ್ನೂ ಹೇಳುತ್ತದೆ. ಹೆಣ್ಣುಮಕ್ಕಳು ಬಟ್ಟೆ ಬದಲಿಸುವಲ್ಲಿ ಇಣುಕುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಅಪರಾಧ. ಟ್ರೇನರ್‌ನಿಂದ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ಉದ್ಯೋಗಿಯಲ್ಲದ ಗ್ರಾಹಕಿಗೂ ದೂರು ಕೊಡಲು ಅವಕಾಶ ಕೊಟ್ಟಿದೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಜಿಮ್ಮಾದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು.

ದುಡ್ಡು ಕಟ್ಟುವ ಮುಂಚೆ 36 ಸೆಷನ್ನಿನ ಪ್ಯಾಕೇಜ್ ಬೇಡ, ಮೂರಕ್ಕೆ ಮಾತಾಡಿ. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಏಳರಿಂದ ಹತ್ತು ನೂಕುನುಗ್ಗಲು; ಹನ್ನೊಂದರಿಂದ ನಾಲ್ಕರ ನಡುವೆ ಹಾಲ್ ಖಾಲಿ. ಹೋಟೆಲಿನಲ್ಲಿ ದುಡಿಯುವ ನಮ್ಮವರಿಗೆ ಮಧ್ಯಾಹ್ನದ ಬಿಡುವೇ ಈ ಹೊತ್ತು. ಟ್ರೇನರ್‌ಗೆ ಕೇಳಿ: ಯಾವ ಸರ್ಟಿಫಿಕೇಟ್, ಸಿಪಿಆರ್ (ಹೃದಯ ನಿಂತಾಗ ಕೊಡುವ ತುರ್ತು ಆರೈಕೆ) ಕಲಿತಿದ್ದೀರಾ, ನನ್ನ ತೂಕದ ಬಗ್ಗೆ ಯಾರ ಹತ್ತಿರ ಮಾತಾಡುತ್ತೀರಿ? ಮೂರನೆಯ ಪ್ರಶ್ನೆಗೆ ನಕ್ಕರೆ ಬೇರೆಯವರನ್ನು ನೋಡಿ. ‘ಮೋಟು’ (ಡುಮ್ಮ), ‘ಆಂಟಿ’ ಎಂದು ಕರೆಯುವವನನ್ನು ಮೊದಲ ದಿನವೇ ತಡೆಯದಿದ್ದರೆ ಅದೇ ಹೆಸರು ಉಳಿಯುತ್ತದೆ. ಹೆಸರು ಹೇಳಿ, ‘ಹೀಗೆ ಕರೆಯಿರಿ’ ಎಂದರೆ ಸಾಕು.

ಕೊನೆಗೆ ಮುಂಬೈಯ ಕನ್ನಡ ಸಂಘಗಳಿಗೆ ನಮ್ಮದೊಂದು ಕೋರಿಕೆ. ಎಷ್ಟೋ ಸಂಘಗಳ ಸಭಾಗೃಹಗಳು ವಾರದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಮಂಗಳವಾರ, ಗುರುವಾರ ಮಧ್ಯಾಹ್ನ ಎರಡು ಗಂಟೆಯಿಂದ ಒಂದು ತಾಸು, ಕನ್ನಡಿಯಿಲ್ಲದ ಆ ಹಾಲ್‌ನಲ್ಲಿ, ಎಂಟು ಜನರ ಗುಂಪಿಗೆ ಮೇಲೆ ಹೇಳಿದ ನಾಲ್ಕು ವಾರದ ವ್ಯಾಯಾಮ ನಡೆಸಬಹುದು. ಬೇಕಾದದ್ದು ಎಂಟು ಗಟ್ಟಿ ಕುರ್ಚಿ, ಎಂಟು ಚಾಪೆ, ರಬ್ಬರ್ ಬ್ಯಾಂಡು, ಅಕ್ಕಿ ತುಂಬಿದ ಐದು ಕೆ.ಜಿ.ಯ ಚೀಲಗಳು, ಒಂದು ಪರದೆ, ಬಿಪಿ ನೋಡುವ ಯಂತ್ರ. ಹೆಂಗಸರ ಗುಂಪಿಗೆ ನಮ್ಮಲ್ಲಿನ ಮಹಿಳಾ ಟ್ರೇನರ್‌ಗಳು ಬರುತ್ತಾರೆ. ಮೊದಲ ತಿಂಗಳಿಗೆ ಶುಲ್ಕ ಬೇಡ. ತೂಕದ ಯಂತ್ರ ತರುವುದಿಲ್ಲ.

ಇಂತಿ,
ಡೊಂಬಿವಲಿ, ಠಾಣೆ, ಮುಲುಂಡ್‌ನ ಕೆಲವು ಕನ್ನಡಿಗ ಫಿಟ್‌ನೆಸ್ ಟ್ರೇನರ್‌ಗಳು ಮತ್ತು ಒಬ್ಬರು ಫಿಸಿಯೋಥೆರಪಿಸ್ಟ್